ಡ್ರೈವರನ ಹಿಂದಿನ ಸೀಟಿನ ಅಕ್ಕೋರು

ನಮ್ಮ ಕಾಲೇಜಿನಲ್ಲಿ ಸಂತಾಪ ಸಭೆಗೆ ಒಂದು ಕ್ರಮವಿದೆ. ಮೊದಲು ಎರಡು ನಿಮಿಷ ಮೌನ. ಅದು ಸಾಮಾನ್ಯವಾಗಿ ಐವತ್ತು ಸೆಕೆಂಡಿಗೆ ಮುಗಿಯುತ್ತದೆ. ಆಮೇಲೆ, ಗತಿಸಿದವರು ಅಜಾತಶತ್ರುಗಳಾಗಿದ್ದರೆಂದು ಅವರ ಶತ್ರುಗಳಲ್ಲಿ ಹಿರಿಯರಾದವರು ಹೇಳುತ್ತಾರೆ. ಕೊನೆಗೆ ಚಹಾ. ಕಳೆದ ತಿಂಗಳು ಪ್ರಾಣಿಶಾಸ್ತ್ರದ ಅಕ್ಕೋರಿಗಾಗಿ ನಡೆದ ಸಭೆಯಲ್ಲಿ ಈ ಕ್ರಮ ತಪ್ಪಿತು. ಮೌನ ಪೂರಾ ಎರಡು ನಿಮಿಷ ನಡೆಯಿತು. ಅಕ್ಕೋರು ಬದುಕಿದ್ದಾಗ ಯಾವುದನ್ನೂ ಎಣಿಸದೆ ಬಿಟ್ಟವರಲ್ಲ. ಈಗಲೂ ಎಲ್ಲೋ ಕುಳಿತು ಸೆಕೆಂಡು ಎಣಿಸುತ್ತಿರಬಹುದು ಎಂಬ ಅಂಜಿಕೆ ಎಲ್ಲರ ಮುಖದ ಮೇಲೂ ಇತ್ತು.

ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಕಾಲೇಜಿಗೆ ಬಂದ ಮೇಲೆ ಹುಡುಗರು ಮೇಡಂ ಎನ್ನಲು ಕಲಿಯುತ್ತಾರೆ. ಇವರೆದುರು ಮಾತ್ರ ಆ ಕಲಿಕೆ ಮರೆತುಹೋಗಿ ಮತ್ತೆ ಒಂದನೇ ಇಯತ್ತೆಗೆ ಇಳಿಯುತ್ತಿದ್ದರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಸರು ಹಿಡಿದು ಹೊಗಳಿದರೆ ಅವರಿಗೆ ಆಗುತ್ತಿರಲಿಲ್ಲ.

ಸಣ್ಣ ಆಳು. ಗಂಜಿ ಹಾಕಿದ ನೂಲಿನ ಸೀರೆ, ಎಲ್ಲ ಋತುಗಳಲ್ಲೂ ಕಪ್ಪು ಕೊಡೆ, ಎಡಗೈಯಲ್ಲಿ ತಂದೆಯದೆಂದು ಹೇಳುತ್ತಿದ್ದ ದೊಡ್ಡ ಗಡಿಯಾರ. ಅದರ ಮುಖವನ್ನು ಒಳಮಣಿಕಟ್ಟಿಗೆ ತಿರುಗಿಸಿ ಕಟ್ಟುತ್ತಿದ್ದರು. ಹೊತ್ತು ನೋಡಬೇಕಾದರೆ ಅಂಗೈಯನ್ನು ಮೇಲಕ್ಕೆ ಮಾಡಬೇಕು. ಹೊಸಬರು ಇವರೇನೋ ಬೇಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ಕೈಚೀಲದಲ್ಲಿ ಒಂದು ಪುಟ್ಟ ಡೈರಿ. ಅದರಲ್ಲಿ ಗೀಟುಗಳು: ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ಏನನ್ನು ಎಣಿಸುತ್ತಿದ್ದಾರೆ ಎಂಬುದು ಎಣಿಸಿ ಮುಗಿಯುವವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಒಮ್ಮೆ ನನ್ನ ಕೈಗೆ ಡೈರಿಯನ್ನು ಕೊಟ್ಟು, "ಮಾಸ್ತರೆ, ನಿನ್ನೆ ನಿಮ್ಮ ಭಾಷಣದಲ್ಲಿ ‘ವಾಸ್ತವವಾಗಿ’ ಅನ್ನೋದು ನಲವತ್ತೊಂದು ಸಲ ಬಂತು" ಎಂದರು. ನಾನು ಇತಿಹಾಸ ಕಲಿಸುವವನು. ನನಗೆ ವಾಸ್ತವದ ಅಗತ್ಯ ಜಾಸ್ತಿ ಎಂದೆ. ಅದನ್ನೂ ಬರೆದುಕೊಂಡರು.

ಅವರ ಕೀರ್ತಿ ನಿಂತದ್ದು ಈರುಳ್ಳಿಯ ಮೇಲೆ. ಬೇಸಿಗೆಯಲ್ಲಿ ಕುಮಟೆಯ ದಾರಿಬದಿಯಲ್ಲಿ ಹೆಣೆದು ಮಾರುವ ಕೆಂಪು ಸಿಹಿ ಈರುಳ್ಳಿಯ ಗೊಂಚಲುಗಳನ್ನು ತಂದು ಪ್ರಯೋಗಾಲಯದ ಜಂತಿಗೆ ತೂಗುಹಾಕುತ್ತಿದ್ದರು. ಬೇಕಾದಾಗ ಒಂದೊಂದನ್ನು ನೀರು ತುಂಬಿದ ಬಾಟಲಿಯ ಬಾಯಿಗೆ ಕೂರಿಸಿ ಕಿಟಕಿಯಲ್ಲಿ ಸಾಲಾಗಿ ಇಟ್ಟರೆ ಬಿಳಿ ಬೇರು ಇಳಿಯುತ್ತಿತ್ತು. ಬೇರಿನ ತುದಿಯ ಜೀವಕೋಶಗಳು ಬೆಳಗಿನ ಒಂದು ಹೊತ್ತಿನಲ್ಲಿ ಭರದಿಂದ ಎರಡಾಗುತ್ತವೆ. ಆಗ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ನಡುವೆ ಒತ್ತಿ ನೋಡಿದರೆ ಕೋಶ ವಿಭಜನೆಯ ಎಲ್ಲ ಹಂತಗಳೂ ಕಾಣುತ್ತವೆ ಎಂಬುದು ಅವರ ಶ್ರದ್ಧೆ. ಆ ಹೊತ್ತು ಎಂಟೂವರೆ. ಹಾಗಾಗಿ ಕಾರವಾರದಲ್ಲಿದ್ದ ಅವರು ಅಂಕೋಲೆಯ ಕಾಲೇಜಿಗೆ ಬರಲು ಏಳೂಕಾಲರ ಬಸ್ಸು ಹಿಡಿಯಲೇಬೇಕು. ಪ್ರಾಣಿಶಾಸ್ತ್ರದವರಿಗೆ ಈರುಳ್ಳಿಯ ಮೇಲೆ ಎಂತಹ ಹಕ್ಕು ಎಂದು ಸಸ್ಯಶಾಸ್ತ್ರ ವಿಭಾಗ ಒಮ್ಮೆ ಲಿಖಿತ ಆಕ್ಷೇಪ ಸಲ್ಲಿಸಿತ್ತು. ಪ್ರಾಚಾರ್ಯರು ಎರಡೂ ಪಕ್ಷಗಳನ್ನು ಆಲಿಸಿ, ಬೇರು ಪ್ರಾಣಿಶಾಸ್ತ್ರಕ್ಕೆ, ಗಡ್ಡೆ ಸ್ಟಾಫ್‌ ರೂಮಿನ ಅವಲಕ್ಕಿಗೆ ಎಂದು ತೀರ್ಪು ಕೊಟ್ಟರು. ನಮ್ಮ ಕಾಲೇಜಿನ ಇತಿಹಾಸದಲ್ಲಿ ಎಲ್ಲರಿಗೂ ತೃಪ್ತಿಯಾದ ತೀರ್ಪು ಅದೊಂದೇ.

ಪ್ರಾಯೋಗಿಕ ಪರೀಕ್ಷೆಯಲ್ಲಿ ಅವರ ಪ್ರಶ್ನೆ ಪ್ರತಿವರ್ಷ ಒಂದೇ. "ಬೇರು ಬೆಳೀತದೆ, ಗಾಯ ಮಾಯ್ತದೆ. ಹೃದಯದ ಕೋಶ ಮಾತ್ರ ಹುಟ್ಟಿದ ಮೇಲೆ ಎರಡಾಗೂದೇ ಇಲ್ಲ ಅನ್ನಬಹುದು. ಯಾಕೆ?" ಉತ್ತರ ಪಠ್ಯಪುಸ್ತಕದಲ್ಲಿ ಇರಲಿಲ್ಲ. "ಗೊತ್ತಿಲ್ಲ ಅಕ್ಕೋರೆ" ಎಂದವನಿಗೆ ಪೂರ್ತಿ ಅಂಕ. ಏನೋ ಒಂದು ಹೇಳಿದವನಿಗೆ ಅರ್ಧ.

ಹತ್ತಿರದ ಉತ್ತರ ಅವರ ಬಳಿ ಇತ್ತು. ಮದುವೆಯಾಗದ ಅವರು ಚಿಕ್ಕ ವಯಸ್ಸಿನಲ್ಲಿ ಪುಣೆಯ ಪ್ರಯೋಗಾಲಯವೊಂದರಲ್ಲಿ ಮೂರು ವರ್ಷ ಸಂಶೋಧನೆ ಮಾಡಿದ್ದವರು. ತಾಯಿಗೆ ಲಕ್ವ ಹೊಡೆದದ್ದರಿಂದ ಅರ್ಧಕ್ಕೆ ಬಿಟ್ಟು ಬಂದರು. ಅಲ್ಲಿ ಜೊತೆಗಿದ್ದ ಗೆಳತಿ ಹೊಸ ಲೇಖನಗಳನ್ನು ಇ-ಮೇಲಿನಲ್ಲಿ ಕಳಿಸುತ್ತಿದ್ದಳು. ಆಗಷ್ಟೇ ಕಾರವಾರದಲ್ಲಿ ಸೈಬರ್ ಕೆಫೆಗಳು ತೆರೆದಿದ್ದವು. ಪ್ರತಿ ಭಾನುವಾರ ಅಕ್ಕೋರು ಜಾತಕ ಹುಡುಕುವವರ ನಡುವೆ ಕುಳಿತು, ಜೀನುಗಳ ಬಾಯಿ ಮುಚ್ಚಿಸುವ ಒಂದು ಪ್ರೋಟೀನಿನ ಜಾತಕವನ್ನು ಪ್ರಿಂಟ್ ಮಾಡಿಸಿಕೊಂಡು ಬರುತ್ತಿದ್ದರು. ಸೋಮವಾರ ಬಸ್ಸಿನಲ್ಲಿ ಅದರ ಪಾರಾಯಣ. ಶ್ರೋತೃ ನಾನೊಬ್ಬನೇ.

ಅವರ ಜಾಗ ಡ್ರೈವರನ ಹಿಂದಿನ ಸೀಟಿನ ಕಿಟಕಿ. ನನ್ನದು ಪಕ್ಕದ್ದು. ಜುಲೈ ತಿಂಗಳ ಒಂದು ಬೆಳಿಗ್ಗೆ, ಬಸ್ಸು ಅವರ್ಸಾದ ಹತ್ತಿರ ನಿಂತಿದ್ದಾಗ, ದಡಕ್ಕೆಳೆದ ದೋಣಿಗಳನ್ನು ಕೊಡೆಯ ತುದಿಯಿಂದ ತೋರಿಸಿದರು.

"ಪಳೆ, ನೋಡಿ ಮಾಸ್ತರೆ. ಆ ದೋಣಿಗೆ ಎಂತಾ ಕಮ್ಮಿ ಅದೆ? ಹಲಗೆ ಗಟ್ಟಿ, ಹುಟ್ಟು ಅದೆ, ಬಲೆ ಅದೆ. ಆದ್ರೂ ನೀರಿಗೆ ಹೋಗೂದಿಲ್ಲ. ಯಾಕೆ?"

"ಮಳೆಗಾಲ."

"ಮಳೆಗಾಲ ಅಂತ ದೋಣಿಗೆ ಗೊತ್ತಾ? ತೆಂಗಿನ ಮಡಲು ಹೊದೆಸಿ ಹಗ್ಗ ಬಿಗಿದಿದ್ದಾರೆ, ಅದಕ್ಕೇ ಹೋಗೂದಿಲ್ಲ. ತಾಯಿ ಹೊಟ್ಟೆಯೊಳಗಿನ ಹೃದಯಕ್ಕೆ ಮೀನಿನ ಹಂಗಾಮು. ಎಲ್ಲ ದೋಣಿ ನೀರಲ್ಲಿ. ಹುಟ್ಟಿದ ಮೇಲೆ ಮಳೆಗಾಲ. ಆ ಹಂಗಾಮಿನ ಜೀನುಗಳನ್ನೆಲ್ಲ ದಡಕ್ಕೆಳೆದು ಕಟ್ಟಬೇಕು. ಈ ಪ್ರೋಟೀನು ಹಗ್ಗ."

"ಹಗ್ಗಕ್ಕೆ ಬೇರೆ ಕೆಲಸ ಇಲ್ವಾ?"

"ಕಟ್ಟೂದೇ ಕೆಲಸ. ಹೊಟ್ಟೆಯೊಳಗೂ ಅದು ಕಟ್ತಿರಬೇಕು. ‘ಸಾಕು, ನಿಲ್ಲಿಸು’ ಅನ್ನೋ ಜೀನನ್ನ ಕಟ್ಟಿಟ್ಟು, ಕೋಶ ಎರಡಾಗ್ತಾ ಹೋಗ್ಲಿಕ್ಕೆ ಬಿಡೂದು. ಇದು ನನ್ನ ಅಂದಾಜು, ಯಾರೂ ಬರೆದದ್ದಲ್ಲ. ಬೇರೆಯವರಿಗೆ ಹೇಳಬೇಡಿ."

ಇಲ್ಲಿಯವರೆಗೆ ನಾನು ಹೇಳಿರಲಿಲ್ಲ.

"ಹಗ್ಗ ಸಡಿಲಾದ್ರೆ?"

"ಮಳೆಗಾಲದಲ್ಲಿ ದೋಣಿ ತಾನೇ ನೀರಿಗೆ ಇಳೀತದೆ. ದೊಡ್ಡವರ ಎದೆಯಲ್ಲಿ ಶಿಶುವಿನ ಜೀನು ಏಳ್ತದೆ. ಹೃದಯ ಉಬ್ಬಿ ಅದರ ತಾಳ ತಪ್ತದೆ. ಒಂದು ದಿನ, ಗಟ್ಟಿ ಮನುಷ್ಯ, ನಡೀತಾ ಇದ್ದವ..." ಎನ್ನುತ್ತ ಕೊಡೆಯನ್ನು ಅರ್ಧ ಬಿಚ್ಚಿ ಟಪ್ಪೆಂದು ಮುಚ್ಚಿದರು. ಮುಂದೆ ಡ್ರೈವರ್ ಬೆಚ್ಚಿ, ಕನ್ನಡಿಯಲ್ಲಿ ನಮ್ಮನ್ನು ನೋಡಿದ.

ಆ ಡ್ರೈವರ್ ನನ್ನ ತಮ್ಮ ವಸಂತ.

ನಮ್ಮ ಮೂಲ ಮನೆ ಕೇಣಿಯ ಹತ್ತಿರ. ನಾನು ನೌಕರಿಯಲ್ಲಿದ್ದ ಹೆಂಡತಿಯನ್ನು ಹಿಂಬಾಲಿಸಿ ಕಾರವಾರದಲ್ಲಿ ಬಿಡಾರ ಮಾಡಿದ್ದೆ. ವಸಂತ ನನಗಿಂತ ಹದಿಮೂರು ವರ್ಷ ಚಿಕ್ಕವನು, ಊರಲ್ಲಿ ಆಯಿಯ, ಅಂದರೆ ನಮ್ಮ ತಾಯಿಯ ಜೊತೆಗಿದ್ದ. ಸರಕಾರಿ ಬಸ್ಸಿನ ಡ್ರೈವರ್. ರಾತ್ರಿ ಕಾರವಾರದಲ್ಲಿ ವಸ್ತಿ ಮಾಡಿ ಬೆಳಿಗ್ಗೆ ಏಳೂಕಾಲರ ಗಾಡಿ ಹೊರಡಿಸುತ್ತಿದ್ದ. ಹದಿನಾಲ್ಕು ವರ್ಷದಲ್ಲಿ ಒಂದು ಕೋಳಿಯನ್ನೂ ಕೊಂದವನಲ್ಲ. ಆ ಸೀಟಿನಲ್ಲಿ ಅವನು ಕೂರುತ್ತಿದ್ದ ಠೀವಿಯನ್ನು ನೋಡಿದರೆ ಬಿಣಗಾ ಘಟ್ಟವನ್ನು ಅವನಿಗೆ ಉಂಬಳಿ ಬಿಟ್ಟಿದ್ದಾರೇನೋ ಅನ್ನಿಸುತ್ತಿತ್ತು.

ನಮ್ಮ ಮನೆಯಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತು. ಆಯಿ ಯಾರನ್ನೂ ಊಟಕ್ಕೆ ಕರೆಯುತ್ತಿರಲಿಲ್ಲ. ಅಡುಗೆಯಾದರೆ ಅನ್ನದ ಪಾತ್ರೆಯ ಮುಚ್ಚಳಕ್ಕೆ ಸೌಟಿನಿಂದ ಮೂರು ಪೆಟ್ಟು. ಅಂಗಳದಲ್ಲಿರಲಿ, ತೋಟದಲ್ಲಿರಲಿ, ಕೇಳಿದವರು ಬರಬೇಕು. ಅಪ್ಪ ಸತ್ತ ಮೇಲೆ ಶುರುವಾದ ಅಭ್ಯಾಸ. ಸಿಡುಕು ಎಂದುಕೊಂಡು ನಾವು ಸುಮ್ಮನಿದ್ದೆವು.

ಮಳೆ ಹಿಂದೆ ಬಿದ್ದ ಹೊತ್ತಿಗೆ ಅಕ್ಕೋರು ಡೈರಿಯ ಒಂದು ಪುಟವನ್ನು ನನ್ನ ಮುಂದೆ ಹಿಡಿದರು. ಹದಿನಾರು ಗೀಟು.

"ಇದು ನಿಮ್ಮ ತಮ್ಮ. ಒಂದು ತಿಂಗಳಲ್ಲಿ ಹದಿನಾರು ಸಲ ಎಡಗೈಯನ್ನ ಗೇರಿನಿಂದ ತೆಗೆದು ಕುತ್ತಿಗೆ ಬುಡ ಹಿಡಕೊಂಡಿದ್ದಾನೆ. ಎರಡು ಸಲ ಅವರ್ಸಾದಲ್ಲಿ ಜನ ಹತ್ತಿಯಾದ್ರೂ ಗಾಡಿ ಬಿಡ್ಲಿಲ್ಲ. ತಲೆ ಬಗ್ಗಿಸಿ ಕೂತಿದ್ದ."

"ಸೆಖೆ ಅಕ್ಕೋರೆ."

"ಇರಬಹುದು. ನಿಮ್ಮ ಮನೆತನದಲ್ಲಿ ನಲವತ್ತರ ಆಚೆ ಈಚೆ ಫಕ್ಕನೆ ಹೋದವರು ಯಾರಾದ್ರೂ ಇದ್ದಾರಾ?"

"ಎದೆನೋವಿನಿಂದ ಒಬ್ಬರೂ ಇಲ್ಲ" ಎಂದು ನಾನು ಅಧಿಕಾರವಾಣಿಯಿಂದ ಹೇಳಿದೆ. ಅಪ್ಪ ತೆಂಗಿನ ಮರದಿಂದ ಬಿದ್ದು ಸತ್ತದ್ದು. ಇನ್ನುಳಿದವರದೂ ಒಂದೊಂದು ಅಪಘಾತ. ಎಷ್ಟು ಜನ, ಯಾವ ವಯಸ್ಸು ಎಂದು ಕೇಳಿದರೆ ಇತಿಹಾಸದ ಅಧ್ಯಾಪಕನ ಬಳಿ ಉತ್ತರವಿಲ್ಲ. ಅದೆಲ್ಲ ಇದ್ದದ್ದು ನಮ್ಮ ಪುರೋಹಿತರಾದ ಅಗಸೂರಿನ ಭಟ್ಟರ ಲೆಕ್ಕದ ವಹಿಯಲ್ಲಿ. ಮಹಾಲಯದ ಚತುರ್ದಶಿಗೆ ಅವರು ನಮ್ಮ ಮನೆಗೆ ಬರುತ್ತಾರೆ, ನೀವೂ ಊಟಕ್ಕೆ ಬನ್ನಿ ಎಂದೆ.

ಗೊತ್ತಿಲ್ಲದವರಿಗೆ ಹೇಳಬೇಕು: ಸಹಜವಾಗಿ ಸತ್ತವರಿಗೆ ಅವರವರ ತಿಥಿಯಲ್ಲಿ ಎಡೆ. ನೀರಿನಲ್ಲಿ, ಬಿದ್ದು, ಆಯುಧದಿಂದ ಸತ್ತವರಿಗೆ ಮಹಾಲಯದ ಚತುರ್ದಶಿಯೇ ಆಗಬೇಕು. ಸತ್ತವರ ಮನೆಯವರು ಹೇಳಿದಂತೆ ಭಟ್ಟರು ವಹಿಯಲ್ಲಿ ಬರೆದುಕೊಳ್ಳುತ್ತಾರೆ. ನಮ್ಮ ಮನೆತನದ ಚತುರ್ದಶಿಯ ಪಟ್ಟಿ ಸುತ್ತಿನಲ್ಲೇ ಉದ್ದ. ಅದರ ಬಗ್ಗೆ ನಮಗೊಂದು ಗುಪ್ತ ಹೆಮ್ಮೆಯೂ ಇತ್ತು. ನಮ್ಮವರು ಹಾಸಿಗೆ ಹಿಡಿದು ಸಾಯುವವರಲ್ಲ ಎಂದು.

ಊಟವಾದ ಮೇಲೆ ಜಗಲಿಯಲ್ಲಿ ಅಕ್ಕೋರು ವಹಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಭಟ್ಟರು ಎಲೆಯಡಿಕೆಯ ಕವಳ ಹಾಕುತ್ತ ವಿವರಣೆ ಕೊಟ್ಟರು.

"ಇವರು ಮಾಸ್ತರ ಅಜ್ಜನ ತಮ್ಮ. ಗಂಗಾವಳಿಯಲ್ಲಿ ಮುಳುಗಿದ್ದು."

"ಎಷ್ಟು ನೀರು?"

"ನೀರು ಎಷ್ಟಾದ್ರೆ ಎಂತ ತಂಗಿ? ಇಳಿತದ ಹೊತ್ತು. ಮೊಣಕಾಲುದ್ದ ಇದ್ದಿಕ್ಕು."

"ಮೊಣಕಾಲುದ್ದ ನೀರಲ್ಲಿ ಮುಳುಗಿದ್ರು." ಅಕ್ಕೋರು ಒಂದು ಗೀಟು ಹಾಕಿದರು. "ವಯಸ್ಸು?"

"ನಲವತ್ತು ಆಗ್ಲಿಲ್ಲೆ. ಇವರು ದೊಡ್ಡಪ್ಪ, ಸೈಕಲ್ಲಿಂದ ಬಿದ್ದದ್ದು. ಸಪಾಟು ರಸ್ತೆ. ಎದುರಿಂದ ಒಂದು ಎತ್ತೂ ಬಂದಿರ್ಲಿಲ್ಲೆ. ಜನ ಗಾಳಿ ಸೋಕಿದ್ದು ಹೇಳ್ತ್ರು. ಇವರು ಯಜಮಾನ್ರು, ಮರದಿಂದ."

"ಭಟ್ರೆ, ಇವರೆಲ್ಲ ಬಿದ್ದದ್ದಕ್ಕೆ ಸತ್ರೋ, ಸತ್ತದ್ದಕ್ಕೆ ಬಿದ್ರೋ?"

ಭಟ್ಟರು ಕವಳ ಅಗಿಯುವುದನ್ನು ನಿಲ್ಲಿಸಿದರು. ನಲವತ್ತು ವರ್ಷ ಮಂತ್ರ ಹೇಳಿದ ಬಾಯಿ. "ಬಿದ್ದದ್ದು, ನೀರು, ಆಯುಧ. ನನ್ನ ಹತ್ರ ಮೂರೇ ಕಲಮು. ‘ಎದೆ’ ಹೇಳಿ ಕಲಮು ಇಲ್ಲೆ ತಂಗಿ" ಎಂದು, ತಪ್ಪು ಒಪ್ಪಿಕೊಂಡವರ ದನಿಯಲ್ಲಿ ಹೇಳಿದರು.

ಆಗ ಅಕ್ಕೋರು, ನನಗೆ ಬಹಳ ಸಿಟ್ಟು ಬರುವಂತೆ, ಬಾಗಿಲ ಬಳಿ ನಿಂತಿದ್ದ ಆಯಿಯ ಕಡೆಗೆ ತಿರುಗಿದರು. ಸಮಯಾಸಮಯದ ಪ್ರಜ್ಞೆ ಅವರ ಗಡಿಯಾರದಲ್ಲಿ ಇತ್ತೇ ಹೊರತು ನಾಲಿಗೆಯಲ್ಲಿ ಇರಲಿಲ್ಲ.

"ಆಯಿ, ಅವರು ಬೀಳೂವಾಗ ನೀವು ಅಲ್ಲಿದ್ರಾ?"

"ಬುಡದಲ್ಲೇ ಇದ್ದೆ."

"ಕೂಗಿದ್ರಾ? ಕೈಕಾಲು ಬಡಿದ್ರಾ? ತೆಂಗಿನ ಹೆಡೆ ಹಿಡಿಯಲಿಕ್ಕೆ ನೋಡಿದ್ರಾ?"

"ಇಲ್ಲ ತಂಗಿ. ಕಾಯಿ ಬಿದ್ದ ಹಾಂಗೆ ಬಿದ್ರು." ಆಯಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ನಾನೇ ಕರೆದದ್ದು. ಗಂಜಿ ಆರ್ತದೆ, ಇಳೀರಿ ಅಂದೆ. ಕೆಳಗೆ ನೋಡೂಕೆ ಹೋಗಿ ಕೈ ತಪ್ತು. ನಾನು ಕರೀದೇ ಇದ್ರೆ..."

ಮೂವತ್ತು ವರ್ಷದಲ್ಲಿ ಆ ಮಾತು ನಮ್ಮ ಮನೆಯಲ್ಲಿ ಬಂದದ್ದು ಅದೇ ಮೊದಲು. ಅಪ್ಪ ಸತ್ತಾಗ ನಾನು ಧಾರವಾಡದಲ್ಲಿ ಓದುತ್ತಿದ್ದೆ. ವಸಂತನಿಗೆ ಒಂಬತ್ತು ವರ್ಷ. ಸೌಟಿನ ಪೆಟ್ಟಿನ ಅರ್ಥ ನಮಗೆ ಆಗ ಹೊಳೆಯಿತು.

ಅಕ್ಕೋರು ಡೈರಿ ಮುಚ್ಚಿದರು. "ಎಷ್ಟು ಸಲ ಕರೆದ್ರಿ?"

"ಎರಡು ಸಲ. ಮೊದಲ್ನೇ ಸಲಕ್ಕೆ ಹೂಂ ಅನ್ಲಿಲ್ಲ. ಎರಡ್ನೇ ಸಲ ಕರೀತಿದ್ದ ಹಾಂಗೇ ಬಿದ್ರು."

"ಯಾವಾಗ್ಲೂ ಹೂಂ ಅಂತಿದ್ರಾ?"

"ಊರಿಗೆಲ್ಲ ಕೇಳೂ ಹಾಂಗೆ ಅಂತಿದ್ರು."

"ಹಾಗಾದ್ರೆ ಆಯಿ, ನೀವು ಕರೆದದ್ದು ಅವರಿಗೆ ಕೇಳಲೇ ಇಲ್ಲ. ಆಗಲೇ ಹೋಗಿದ್ರು. ಕಾಲಿಗೆ ಹಾಕಿದ ಹಗ್ಗ ಸ್ವಲ್ಪ ಹೊತ್ತು ಹಿಡಕೊಂಡಿತ್ತು, ಅಷ್ಟೇ."

ಆಯಿ ಒಳಗೆ ಹೋದಳು. ವಸಂತ ಎದ್ದು, "ಹಬ್ಬದ ದಿವ್ಸ ಮನಿಗೆ ಬಂದ್ಕಂಡು ಸತ್ತವ್ರ ಲೆಕ್ಕ ತೆಗೂದು ಎಂತಾ ಓದಿದವ್ರ ಲಕ್ಷಣವೇನ" ಎಂದು ನನಗೆ ಕೇಳುವಂತೆ, ಅಂದರೆ ಅವರಿಗೆ ಕೇಳುವಂತೆ, ಹೇಳಿ ಹೊರಗೆ ನಡೆದ. ಆವತ್ತು ಹಬ್ಬವಲ್ಲ ಎಂಬುದನ್ನು ಯಾರೂ ತಿದ್ದಲಿಲ್ಲ.

ಹಿಂತಿರುಗುವಾಗ ನಾನು ಕೇಳಿದೆ, "ಅಷ್ಟು ಖಾತ್ರಿಯಿಂದ ಹೇಳಿದ್ರಲ್ಲ, ನಿಮಗೆ ಹೇಗೆ ಗೊತ್ತು?"

"ಖಾತ್ರಿ ಇಲ್ಲ. ನಿಮ್ಮ ಮನೆಯಲ್ಲಿ ಸಡಿಲಾದದ್ದು ಆ ಪ್ರೋಟೀನೇ ಅಂತಲೂ ಹೇಳೂದಿಲ್ಲ. ಹೃದಯ ಉಬ್ಬಲಿಕ್ಕೆ ನೂರು ಕಾರಣ. ಆದ್ರೆ ಏನೋ ಒಂದು ಮನೆತನದಲ್ಲಿ ಇಳೀತಾ ಬಂದದೆ." ಡೈರಿಯನ್ನು ಕೈಚೀಲಕ್ಕೆ ಹಾಕಿದರು. "ಎಣಿಸದೆ ಹೇಳಿದ ಮಾತು ಅದೊಂದೇ, ಮಾಸ್ತರೆ. ಖರೆಯೋ ಸುಳ್ಳೋ ವಸಂತನ ಎದೆ ನೋಡಿದ್ರೆ ಗೊತ್ತಾಗ್ತದೆ."

ವಸಂತ ಎದೆ ತೋರಿಸಲು ಒಪ್ಪಲಿಲ್ಲ. "ಅಣ್ಣಾ, ನನ್ನ ಎದೀಲಿ ಎಂತಾದ್ರೂ ಸಿಕ್ರೆ ಆ ಸೀಟ್ನಲ್ಲಿ ಮತ್ತೆ ಕೂರೂಕೆ ಬಿಡ್ತ್ರೇನ? ಅದ್ ಬಿಟ್ರೆ ನಾನು ಯಾರು? ಸಾಯೂದಾದ್ರೆ ಸ್ಟೇರಿಂಗ್ ಹಿಡಕಂಡೇ ಸಾಯ್ತೆ." ಹಿಂದೆ ಐವತ್ತು ಜನ ಕೂತಿರುತ್ತಾರೆ ಎಂಬುದು ಆ ವೀರವಾಣಿಯಲ್ಲಿ ಸೇರಿರಲಿಲ್ಲ. ನಾನೂ ಸೇರಿಸಲಿಲ್ಲ.

ಮೇಲಧಿಕಾರಿಗಳಿಗೆ ತಿಳಿಸಬಹುದಲ್ಲ ಎಂದು ಅಕ್ಕೋರಿಗೆ ಹೇಳಿದೆ. "ತಿಳಿಸಿದ್ರೆ ಅವರು ಅವನ ಕಾಗದ ನೋಡ್ತಾರೆ, ಎದೆ ನೋಡೂದಿಲ್ಲ. ಅವನಾಗೇ ಹೋಗಬೇಕು. ಹದಿನೈದು ದಿನ ನೋಡ್ತೇನೆ. ಆಮೇಲೆ ನಾನೇ ಬರೀತೇನೆ" ಎಂದರು.

ಮಾರನೆಯ ದಿನ ಏಳೂಕಾಲರ ಬಸ್ಸು ಬಂತು. ಅಕ್ಕೋರು ನಿಲ್ದಾಣದ ಕಂಬದ ಪಕ್ಕ ನಿಂತೇ ಇದ್ದರು. ಹತ್ತಲಿಲ್ಲ. ಕಂಡಕ್ಟರ್ ಕರೆದ, ಇಲ್ಲ ಎಂದು ಕೊಡೆಯಾಡಿಸಿದರು. ವಸಂತ ಹೊರಡುವ ಮುನ್ನ ಕನ್ನಡಿಯಲ್ಲಿ ನೋಡಿದ, ಹಿಂದಿನ ಸೀಟು ಖಾಲಿ. ಅವರು ಮುಂದಿನ ಬಸ್ಸಿಗೆ ಬಂದರು. ಕಾಲೇಜು ಮುಟ್ಟುವಾಗ ಒಂಬತ್ತೂವರೆ ದಾಟಿತ್ತು.

ಹೀಗೇ ನಡೆಯಿತು. ಬೇರು ಕತ್ತರಿಸುವ ಹೊತ್ತು ತಪ್ಪಿತು. ಪರೀಕ್ಷೆ ಹತ್ತಿರವಿತ್ತು, ಹುಡುಗರು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ ಎರಡಾಗುತ್ತಿರುವ ಕೋಶ ಹುಡುಕಿದರೂ ಸಿಗದು. "ಇವತ್ತು ಎಲ್ಲರೂ ಮಲಗಿದ್ದಾರೆ" ಎಂದು ಅಕ್ಕೋರು ಹೇಳುತ್ತಿದ್ದರಂತೆ. ಪ್ರಾಚಾರ್ಯರು ತಡವಾಗಿ ಬಂದದ್ದಕ್ಕೆ ಕಾರಣ ಕೇಳಿ ಪತ್ರ ಕೊಟ್ಟರು. ಅಕ್ಕೋರು "ಬಸ್ಸು" ಎಂದು ಒಂದೇ ಶಬ್ದ ಬರೆದುಕೊಟ್ಟರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವರಿಗೆ ಬಂದ ಮೊದಲ ಮೆಮೊ ಅದು. ನಾನೋ, ಅದೇ ಬಸ್ಸಿನಲ್ಲಿ, ಅವರದೇ ಕಿಟಕಿಯಲ್ಲಿ ಕುಳಿತು, ತಮ್ಮನ ಕುತ್ತಿಗೆಯನ್ನು ನೋಡುತ್ತ ಹೋಗುತ್ತಿದ್ದೆ. ಅವನ ಕೈ ಮೇಲೆದ್ದರೆ ನನ್ನ ಕಣ್ಣು ಸಮುದ್ರದ ಕಡೆಗೆ ಹೋ‌ಗುತ್ತಿತ್ತು. ಆ ಹನ್ನೊಂದು ದಿನಗಳ ಇತಿಹಾಸವನ್ನು ಯಾರೂ ಬರೆಯದಿರಲಿ ಎಂದು ಈಗಲೂ ಅನ್ನಿಸುತ್ತದೆ.

ದಿನಾ ಬರುವ ಜನ ಮಾತಾಡತೊಡಗಿದರು. "ಅಕ್ಕೋರಿಗೂ ಡ್ರೈವರನಿಗೂ ಎಂತದೋ ಆಗಿದೆ ಮಾರಾಯಾ, ಸುಮ್ನೆ ಯಾರೂ ಸೀಟು ಬಿಡೂದಿಲ್ಲ." ಹನ್ನೆರಡನೆಯ ದಿನ ವಸಂತ ಎಂಜಿನ್ ಚಾಲೂ ಇಟ್ಟುಕೊಂಡೇ ಕೆಳಗಿಳಿದ. ತುಂಬಿದ ಬಸ್ಸಿನ ಕಿಟಕಿಗಳೆಲ್ಲ ಆ ಕಡೆಗೆ ತಿರುಗಿದವು.

"ಅಕ್ಕೋರೆ, ಹದಿನಾಲ್ಕು ವರ್ಷ ಗಾಡಿ ಹೊಡ್ದೆ. ಒಬ್ರೂ ಹೀಂಗೆ ಮಾನ ಕಳ್ದವ್ರಿಲ್ಲ. ನನ್ನ ಗಾಡಿಗೆ ಎಂತಾ ಆಗದೆ, ಹೇಳಿ."

"ಗಾಡಿಗೆ ಏನೂ ಆಗಿಲ್ಲ. ಅದಕ್ಕೆ ವರ್ಷಕ್ಕೊಮ್ಮೆ ತಪಾಸಣೆ ಮಾಡಿ ಸರ್ಟಿಫಿಕೇಟು ಕೊಡ್ತಾರೆ." ಅಂಗೈ ತಿರುಗಿಸಿ ಗಡಿಯಾರ ನೋಡಿದರು. "ನಿನಗೆ ಯಾರು ಕೊಟ್ಟಿದ್ದಾರೆ?"

ಯಾರೋ ಒಬ್ಬರು ನಕ್ಕರು. ವಸಂತ ನಗಲಿಲ್ಲ. ಅಕ್ಕೋರು ಹತ್ತಿರ ಹೋಗಿ ದನಿ ತಗ್ಗಿಸಿದರು. ನಾನು ಕಿಟಕಿಯಲ್ಲೇ ಇದ್ದದ್ದರಿಂದ ನನಗೆ ಕೇಳಿತು.

"ನಿನ್ನ ಸಲುವಾಗಿ ಬೇಡ ಬಾಬಾ. ನಿನ್ನ ಆಯಿ ಮೂವತ್ತು ವರ್ಷದಿಂದ ತಾನೇ ಗಂಡನ್ನ ಕೊಂದೆ ಅಂದ್ಕೊಂಡಿದ್ದಾರೆ. ಅಲ್ಲ ಅಂತ ಹೇಳಲಿಕ್ಕೆ ನನ್ನ ಹತ್ರ ಬೇರೆ ಸಾಕ್ಷಿ ಇಲ್ಲ. ನಿನ್ನ ಎದೆ ಒಂದೇ."

ವಸಂತ ಬಸ್ಸಿನ ಮೂತಿಯನ್ನು ಒಮ್ಮೆ ನೋಡಿದ. ಆಮೇಲೆ ಬಾಗಿಲು ತೆರೆದು, ಮೇಲೆ ಹತ್ತಿ, ಎಂಜಿನ್ ಬಂದ್ ಮಾಡಿ, ಕೀಲಿಕೈಯನ್ನು ಕಂಡಕ್ಟರನ ಕೈಯಲ್ಲಿಟ್ಟ. "ಬದಲಿ ಡ್ರೈವರನ್ನ ಕರೀರಿ. ನಂಗೆ ಆಗೂದಿಲ್ಲ ಇವತ್ತು." ಐವತ್ತು ಜನ ಒಂದೂವರೆ ತಾಸು ತಡವಾಗಿ ಅಂಕೋಲೆ ಮುಟ್ಟಿದರು. ಎಲ್ಲರೂ ಅಕ್ಕೋರನ್ನು ಬಯ್ದರು.

ಮಾರನೆಯ ದಿನ, ಮಾಜಾಳಿಯಿಂದ ದಿನಾ ಗೋವೆಗೆ ಕೆಲಸಕ್ಕೆ ಹೋಗುವವರ ಬೆಳಗಿನ ಬಸ್ಸಿನಲ್ಲಿ ನಾವು ಮೂವರೂ ಹೊರಟೆವು. ಅಕ್ಕೋರು ನನ್ನನ್ನೂ ಬಿಡಲಿಲ್ಲ. "ನೀವು ಯಾವ ಬೇರೆ ಮನೆತನದವರು?" ಎಂದರು. ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಎದೆಗೆ ಎಂತದೋ ತಣ್ಣಗಿನದನ್ನು ಹಚ್ಚಿ ಪರದೆಯ ಮೇಲೆ ಹೃದಯ ತೋರಿಸಿದರು. ನನ್ನದು ಸರಿಯಾಗಿತ್ತು. ಹನ್ನೊಂದು ದಿನ ಸಮುದ್ರ ನೋಡಿದ ಹೃದಯಕ್ಕೆ ಏನೂ ಆಗಿರಲಿಲ್ಲ. ವಸಂತನದು ಉಬ್ಬಿತ್ತು. ಒಂದು ಕೋಣೆ ಹಳೇ ಚೀಲದಂತೆ ಜೋತುಬಿದ್ದು, ನಡುನಡುವೆ ಮಿಡಿಯುವುದನ್ನೇ ಮರೆತಂತೆ ನಿಂತು, ಮತ್ತೆ ದಡಬಡನೆ ಹೊಡೆದುಕೊಳ್ಳುತ್ತಿತ್ತು. ತಂದೆಯ ಕಡೆಯಿಂದ ಬಂದದ್ದಿರಬಹುದು, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರರು ಹೇಳಿದರು. ಮಾತ್ರೆ ಬರೆದುಕೊಟ್ಟು, ಸ್ಟೇರಿಂಗ್ ಹಿಡಿಯಕೂಡದೆಂದರು. ಅಕ್ಕೋರು ತಮ್ಮ ಪ್ರೋಟೀನಿನ ವಿಷಯ ತೆಗೆದರು. "ಅದೆಲ್ಲ ಪುಸ್ತಕದಲ್ಲಿ ಮೇಡಂ. ನನ್ನ ಎದುರಿಗೆ ಮನುಷ್ಯ ಇದ್ದಾನೆ" ಎಂದರು ಡಾಕ್ಟರರು. ಅಕ್ಕೋರು ತಲೆಯಾಡಿಸಿದರು. ಅವರು ಯಾರಿಗಾದರೂ ಪೂರ್ತಿ ಅಂಕ ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡದ್ದು ಅಂದೇ.

ಸಂಜೆ ಮನೆಯಲ್ಲಿ ಆಯಿಗೆ ಹೇಳಬೇಕಾಯಿತು. ನಿನ್ನ ಮಗನ ಎದೆ ಕೆಟ್ಟಿದೆ, ಆದ್ದರಿಂದ ನೀನು ನಿರಪರಾಧಿ. ಇಂಥ ತೀರ್ಪನ್ನು ಯಾವ ಕೋರ್ಟೂ ಕೊಟ್ಟಿರಲಿಕ್ಕಿಲ್ಲ. ಆಯಿ ಅತ್ತಳು. ಯಾವುದಕ್ಕೆ ಎಷ್ಟು ಅತ್ತಳೆಂದು ನಮಗೆ ಬೇರ್ಪಡಿಸಲಾಗಲಿಲ್ಲ. ಆಮೇಲೆ ಒಳಗೆ ಹೋಗಿ ಅಡುಗೆ ಮಾಡಿದಳು. ವಸಂತ ಹಿತ್ತಲ ಕಟ್ಟೆಯ ಮೇಲೆ ಕತ್ತು ಬಗ್ಗಿಸಿ ಕುಳಿತಿದ್ದ. ಸೌಟಿನ ಸದ್ದಿಗೆ ನಾನು ಕಾಯುತ್ತಿದ್ದೆ. ಅದು ಬರಲಿಲ್ಲ. ಆಯಿ ಬಾಗಿಲಿಗೆ ಬಂದು, ತುಂಬ ದಿನ ಬಳಸದ ಬಾವಿಯ ಗಾಲಿಯಂಥ ದನಿಯಲ್ಲಿ, "ವಸಂತಾ, ಊಟಕ್ಕೆ ಬಾರಾ" ಎಂದು ಕರೆದಳು. ಅವನು ತಲೆಯೆತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಊರಿಗೆಲ್ಲ ಕೇಳುವಂತೆ "ಹೂಂ" ಅಂದ.

ಅವನನ್ನು ಕಾರವಾರದ ನಿಲ್ದಾಣದಲ್ಲಿ ಕೂರಿಸಿ ಮೈಕು ಕೊಟ್ಟರು. ಯಾವ ಬಸ್ಸು ಎಲ್ಲಿಗೆ, ಎಷ್ಟನೇ ಅಂಕಣದಿಂದ ಎಂದು ಕೂಗುವ ಕೆಲಸ. ಒಂದು ವರ್ಷ ಅಕ್ಕೋರೊಡನೆ ಮಾತಿಲ್ಲ. ಅವರೂ ಮಾತಾಡಿಸಲಿಲ್ಲ, ಏಳೂಕಾಲರ ಬಸ್ಸಿಗೆ ಬಂದು ಹಳೆಯ ಸೀಟಿನಲ್ಲಿ ಕುಳಿತು ಹೊಸ ಡ್ರೈವರನ ಕುತ್ತಿಗೆ ನೋಡುತ್ತಿದ್ದರು. ಒಂದು ಮಳೆಗಾಲದ ಬೆಳಿಗ್ಗೆ ಅವರು ಬರುವುದು ತಡವಾಯಿತು. ಬಸ್ಸು ಹೊರಡಬೇಕು. ಆಗ ಮೈಕಿನಲ್ಲಿ, ಇಡೀ ನಿಲ್ದಾಣಕ್ಕೆ ಕೇಳುವಂತೆ, ಸರಕಾರಿ ಗಾಂಭೀರ್ಯದಲ್ಲಿ ಘೋಷಣೆ ಬಂತು: "ಅಂಕೋಲಾ ಬಸ್ಸಿನ ಚಾಲಕರ ಗಮನಕ್ಕೆ. ಈರುಳ್ಳಿ ಅಕ್ಕೋರು ಗೇಟಿನ ಹತ್ತಿರ ಓಡಿ ಬರ್ತಾ ಅವ್ರೆ. ದಯಮಾಡಿ ನಿಲ್ಲತಕ್ಕದ್ದು." ಅಕ್ಕೋರು ಹತ್ತಿ ಕುಳಿತು, ಏದುಸಿರು ಬಿಡುತ್ತ, "ಓಡ್ತಾ ಇರಲಿಲ್ಲ. ಜೋರಾಗಿ ನಡೀತಾ ಇದ್ದೆ" ಎಂದು ತಿದ್ದುಪಡಿ ಸೂಚಿಸಿದರು. ಡೈರಿ ತೆಗೆಯಲಿಲ್ಲ. ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ ಘಟ್ಟ ದಾಟಿದರು.

ನಿವೃತ್ತಿಯಾದ ಎರಡು ವರ್ಷಕ್ಕೆ ಹೊಟ್ಟೆಯ ಕಾಯಿಲೆ ಅವರನ್ನು ಮಲಗಿಸಿತು. ಕೊನೆಗೆ ಎಲ್ಲ ಅಂಗಗಳೂ ಸೋತ ಮೇಲೂ ಹೃದಯ ಮಾತ್ರ ಎರಡು ದಿನ ಹಟ ಮಾಡಿತಂತೆ. ಕೋಶಗಳು ಎರಡಾಗದಿದ್ದರೂ ಗಟ್ಟಿಯಾಗಿದ್ದವು.

ಮೊನ್ನೆ ಚತುರ್ದಶಿ. ಭಟ್ಟರು ವಹಿ ಬಿಡಿಸಿದರು. ಈಗ ಅವರು ಎಲ್ಲ ಮನೆಗಳಿಗೂ ನಾಲ್ಕನೆಯದೊಂದು ಕಲಮು ಹಾಕಿದ್ದಾರೆ: ವಯಸ್ಸೆಷ್ಟು, ಆ ಹೊತ್ತಿಗೆ ಏನು ಮಾಡುತ್ತಿದ್ದರು. ನಮ್ಮ ಪಟ್ಟಿಗೆ ಹೊಸ ಹೆಸರು ಸೇರಿಲ್ಲ. ಸೇರಿಸಬೇಕೆಂದು ವಸಂತ ಹಟ ಹಿಡಿದ, ಅಕ್ಕೋರದು.

"ವರ್ಷ ಆಗ್ಲಿಲ್ಲೆ, ನಿಮ್ಮ ಗೋತ್ರ ಅಲ್ಲ, ದುರ್ಮರಣವೂ ಅಲ್ಲ. ಮೂರು ಅಡ್ಡಿ ಇದ್ದು ತಮಾ" ಎಂದರು ಭಟ್ಟರು.

"ಅಡ್ಡಿ ಮೂರೂ ಬರಕಣಿ ಭಟ್ರೆ. ಎಡೆ ಇಡೂದು ನಾನು."

ಭಟ್ಟರು ವಹಿ ಮುಚ್ಚಿ, ಪಟ್ಟಿಯೊಳಗೆ ಬೇಡ, ಹೊರಗೆ ಅಂಗಳದಲ್ಲಿ ಒಂದು ಬಾಳೆ ಎಲೆ ಹಾಕಿದರೆ ಶಾಸ್ತ್ರ ಅತ್ತ ತಿರುಗಿ ನೋಡುವುದಿಲ್ಲ ಎಂದು ದಾರಿ ತೋರಿಸಿದರು. ವಸಂತ ಬಾಳೆ ಹಾಸಿದ. ಎಲ್ಲ ಬಡಿಸಿದ ಮೇಲೆ ತುದಿಗೆ ಒಂದು ಸಿಹಿ ಈರುಳ್ಳಿಯನ್ನೂ ಇಟ್ಟ. ಆ ದಿನ ಈರುಳ್ಳಿ ನಿಷಿದ್ಧ. ಭಟ್ಟರೂ ಅತ್ತ ತಿರುಗಿ ನೋಡಲಿಲ್ಲ.

ಕಾಗೆ ಬರಲಿಲ್ಲ. ನಾವು ಕಾದೆವು. ಆಗ ಆಯಿ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದು, ತೆಂಗಿನ ಮರಗಳ ಕಡೆಗೆ ಮುಖವೆತ್ತಿ ಕರೆದಳು:

"ಅಕ್ಕೋರೇ, ಗಂಜಿ ಆರ್ತದೆ, ಬನ್ನಿ."

ಎರಡು ಸಲ ಕರೆದಳು. ನಾನು ಎಣಿಸಿದೆ.